ಡಬ್ಬಿಯಲ್ಲಿ ನ್ಯಾನೋ, ಲೇಪನದಲ್ಲಿ ಗಂಟು

ಓದುಗರ ಪ್ರಶ್ನೆ:

"ಸರ್, ಉಕ್ಕಿನ ಬಿಡಿಭಾಗಗಳಿಗೆ ಪಾರದರ್ಶಕ ಎಪಾಕ್ಸಿ ಲೇಪನ ಹಾಕುವ ಸಣ್ಣ ಘಟಕ ನನ್ನದು. ರೆಸಿನ್, ಹಾರ್ಡ್‌ನರ್ ಬೆರೆಸಿ ಸ್ಪ್ರೇ ಮಾಡುತ್ತೇವೆ. ಬೇಗ ಗೀರು ಬೀಳುತ್ತದೆ ಅನ್ನುವುದು ಗ್ರಾಹಕರ ದೂರು. ನ್ಯಾನೋ ಸಿಲಿಕಾ ಹಾಕಿದರೆ ಗಟ್ಟಿಯಾಗುತ್ತದೆ ಎಂದು ಓದಿ, 12 ನ್ಯಾನೋಮೀಟರ್ ಎಂದು ಬರೆದಿದ್ದ ಫ್ಯೂಮ್ಡ್ ಸಿಲಿಕಾ ತರಿಸಿದೆ. ರೆಸಿನ್ ತೂಕದ ಶೇ. 5ರಷ್ಟು ಹಾಕಿ, ಡ್ರಿಲ್‌ಗೆ ಸಿಕ್ಕಿಸುವ ಕಲಕುವ ಕಡ್ಡಿಯಿಂದ ಅರ್ಧ ಗಂಟೆ ತಿರುಗಿಸಿದೆ. ಗ್ರೀಸ್ ಥರ ಆಯಿತು. ಸ್ಪ್ರೇ ಗನ್‌ನಲ್ಲಿ ಬರಲಿ ಎಂದು ಥಿನ್ನರ್ ಜಾಸ್ತಿ ಹಾಕಿದೆ. ಹಾರ್ಡ್‌ನರ್ ಸೇರಿಸದೆ ಉಳಿದಿದ್ದನ್ನು ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಬಿಳಿ ಕೆಸರು. ಲೇಪನ ಒಣಗಿದ ಮೇಲೆ ಮಂಜು ಹಿಡಿದ ಗಾಜಿನ ಹಾಗೆ ಕಾಣುತ್ತದೆ. ತಗಡು ಬಗ್ಗಿಸಿದರೆ ಸೀಳುತ್ತದೆ. ಉಪ್ಪು ನೀರಿನ ಸ್ಪ್ರೇ ಪರೀಕ್ಷೆಯಲ್ಲಿ ಹಳೆಯ ಲೇಪನ 300 ಗಂಟೆ ನಿಲ್ಲುತ್ತಿತ್ತು, ಇದು 120 ಗಂಟೆಗೇ ತುಕ್ಕಿನ ಚುಕ್ಕಿ ತೋರಿಸಿತು. ಪರಿಚಯದವರೊಬ್ಬರು ಶೇ. 10 ಹಾಕಿ ನೋಡಿ ಅನ್ನುತ್ತಾರೆ. ಇನ್ನೊಬ್ಬರು ನ್ಯಾನೋ ಟೈಟಾನಿಯಂ ಡೈಆಕ್ಸೈಡ್ ಹಾಕಿದರೆ ಬಿಸಿಲನ್ನೂ ತಡೆಯುತ್ತದೆ, ಗ್ರಾಫೀನ್ ಹಾಕಿದರೆ ತುಕ್ಕೇ ಬರಲ್ಲ ಅನ್ನುತ್ತಾರೆ. ಈ ನ್ಯಾನೋ ಅನ್ನುವುದೆಲ್ಲ ಬರೀ ಪ್ರಚಾರವಾ? ಮುಂದುವರಿಸಲಾ, ಬಿಟ್ಟುಬಿಡಲಾ?"

ಉತ್ತರ:

ಬಿಟ್ಟುಬಿಡಬೇಕಾಗಿಲ್ಲ. ಶೇ. 10ಕ್ಕಂತೂ ಹೋಗಲೇಬೇಡಿ. ಮಬ್ಬು, ಸೀಳು, ತುಕ್ಕು ಮೂರನ್ನೂ ಬರೆದಿದ್ದೀರಿ. ಆದರೆ ನನ್ನ ಕಣ್ಣು ನಿಂತಿದ್ದು ತಳದಲ್ಲಿ ಕೂತ ಆ ಬಿಳಿ ಕೆಸರಿನ ಮೇಲೆ. ಮುಕ್ಕಾಲು ಪಾಲು ಕಥೆ ಅಲ್ಲೇ ಇದೆ.

ಒಂದು ಸಣ್ಣ ಲೆಕ್ಕ ಹಾಕೋಣ. ದ್ರವದಲ್ಲಿ ಕಣ ಎಷ್ಟು ಬೇಗ ತಳ ಸೇರುತ್ತದೆ ಅನ್ನುವುದು ಅದರ ವ್ಯಾಸದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಕಣ ಹತ್ತು ಪಟ್ಟು ದೊಡ್ಡದಾದರೆ ನೂರು ಪಟ್ಟು ಬೇಗ ಇಳಿಯುತ್ತದೆ. ನಿಮ್ಮ ತೆಳು ಮಾಡಿದ ರೆಸಿನ್ ನೀರಿಗಿಂತ 50 ಪಟ್ಟು ಮಂದ ಇದೆ ಅಂದುಕೊಳ್ಳಿ. ಅದರಲ್ಲಿ 12 ನ್ಯಾನೋಮೀಟರ್‌ನ ಒಂಟಿ ಸಿಲಿಕಾ ಕಣ ವರ್ಷವಿಡೀ ಇಳಿದರೂ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ ದಾಟುವುದಿಲ್ಲ. ಅಷ್ಟರಲ್ಲಿ ಸುತ್ತಲಿನ ಅಣುಗಳ ತಳ್ಳಾಟವೇ ಅದನ್ನು ಮೇಲೆ ಕೆಳಗೆ ಓಡಾಡಿಸಿರುತ್ತದೆ. ಅದೇ 10 ಮೈಕ್ರಾನ್‌ನ, ಅಂದರೆ 10,000 ನ್ಯಾನೋಮೀಟರ್‌ನ ಗಂಟಾದರೆ, ಒಳಗೆ ಪೊಳ್ಳಾಗಿದ್ದರೂ, ಸೆಂಟಿಮೀಟರ್ ಲೆಕ್ಕದಲ್ಲಿ ಇಳಿದು ಬೆಳಗಾಗುವುದರೊಳಗೆ ತಳದಲ್ಲಿ ಕೂರುತ್ತದೆ. ಕೆಸರು ಕಂಡಿತು ಅಂದರೆ ಅಲ್ಲಿರುವುದು ನ್ಯಾನೋ ಕಣವಲ್ಲ ಅಂತಲೇ ಅರ್ಥ. ಇದಕ್ಕೆ ಯಾವ ಎಲೆಕ್ಟ್ರಾನ್ ಮೈಕ್ರೋಸ್ಕೋಪೂ ಬೇಡ, ಒಂದು ಗಾಜಿನ ಬಾಟಲಿ ಸಾಕು.

ಹಾಗಾದರೆ ಡಬ್ಬಿಯ ಮೇಲೆ ಬರೆದಿದ್ದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಫ್ಯೂಮ್ಡ್ ಸಿಲಿಕಾವನ್ನು ಬೆಂಕಿಯಲ್ಲಿ ಮಾಡುತ್ತಾರೆ. ಸಿಲಿಕಾನ್ ಟೆಟ್ರಾಕ್ಲೋರೈಡ್ ಆವಿಯನ್ನು ಹೈಡ್ರೋಜನ್-ಆಕ್ಸಿಜನ್ ಜ್ವಾಲೆಗೆ ಬಿಟ್ಟಾಗ ಮೊದಲು ಪುಟ್ಟ ಗೋಲಿಗಳು ಹುಟ್ಟುತ್ತವೆ. ನಿಮ್ಮ ಪುಡಿಯಲ್ಲಿ ಅವು 12 ನ್ಯಾನೋಮೀಟರ್‌ನವು. ಆದರೆ ಜ್ವಾಲೆಯ ಬಿಸಿಯಲ್ಲೇ ಆ ಗೋಲಿಗಳು ಒಂದಕ್ಕೊಂದು ಬೆಸೆದು, ಕವಲೊಡೆದ ಸರಪಳಿಯಾಗುತ್ತವೆ. ಒಂದೊಂದು ಸರಪಳಿ ನೂರು, ಇನ್ನೂರು ನ್ಯಾನೋಮೀಟರ್ ಉದ್ದ. ಈ ಬೆಸುಗೆಯನ್ನು ಯಾವ ಮಿಕ್ಸರ್ ಕೂಡ ಬಿಡಿಸುವುದಿಲ್ಲ. ತಣ್ಣಗಾದ ಮೇಲೆ ಸರಪಳಿಗಳು ತೊಡರಿಕೊಂಡು ಮೈಕ್ರಾನ್ ಗಾತ್ರದ ಗಂಟಾಗುತ್ತವೆ. ಗಂಟನ್ನು ಬಿಡಿಸಬಹುದು, ಆದರೆ ಡ್ರಿಲ್‌ನ ಕಡ್ಡಿಯಿಂದ ಆಗುವ ಕೆಲಸ ಅಲ್ಲ. ಒಟ್ಟಿನಲ್ಲಿ ಮುತ್ತಿನ ಅಳತೆ ಬರೆದು ಸರ ಮಾರಿದ ಹಾಗೆ.

ಈ ಪುಡಿ ಕೆಟ್ಟದ್ದೇನಲ್ಲ. 1940ರ ದಶಕದಿಂದಲೂ ಬಳಕೆಯಲ್ಲಿದೆ. ಅದರ ಅಸಲಿ ಕೆಲಸ ಬೇರೆ, ದ್ರವವನ್ನು ದಪ್ಪ ಮಾಡುವುದು. ಕೈಯಲ್ಲಿ ಹಿಡಿದಾಗಲೇ ಗೊತ್ತಾಗಿರುತ್ತದೆ, ಅಲ್ವಾ? ತೂಕವೇ ಇಲ್ಲ, ಒಂದು ಕಿಲೋ ಪುಡಿ ಸುಮಾರು 20 ಲೀಟರ್ ಜಾಗ ಹಿಡಿಯುತ್ತದೆ. ಈ ಗಾತ್ರದ ಪುಡಿಯ ಒಂದು ಗ್ರಾಂನಲ್ಲಿ ಸುಮಾರು 200 ಚದರ ಮೀಟರ್ ಮೇಲ್ಮೈ ಇರುತ್ತದೆ. ಒಂದು ಕಿಲೋ ರೆಸಿನ್‌ಗೆ ನೀವು ಹಾಕಿದ್ದು 50 ಗ್ರಾಂ. ಅಂದರೆ 10,000 ಚದರ ಮೀಟರ್, ಹತ್ತಿರ ಹತ್ತಿರ ಎರಡೂವರೆ ಎಕರೆ. ಒಂದು ಕಿಲೋ ರೆಸಿನ್ ಅಷ್ಟು ನೆಲವನ್ನು ಒದ್ದೆ ಮಾಡಬೇಕು. ಜೊತೆಗೆ ಆ ಮೇಲ್ಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳಿದ್ದು, ಸರಪಳಿ ಸರಪಳಿಯನ್ನು ಹಿಡಿದುಕೊಂಡು ಬಲೆ ಕಟ್ಟುತ್ತವೆ. ಗ್ರೀಸ್ ಆಗದೆ ಇನ್ನೇನಾಗುತ್ತದೆ?

ದಪ್ಪ ಮಾಡುವ ಪುಡಿ ಹಾಕಿ, ದಪ್ಪವಾಯಿತು ಅಂತ ಥಿನ್ನರ್ ಸುರಿದಿರಿ. ಆಮೇಲಿನ ತೊಂದರೆಗಳೆಲ್ಲ ಇದರ ಬೆನ್ನಿಗೇ ಬಂದವು.

ಥಿನ್ನರ್ ಜಾಸ್ತಿಯಾದಾಗ ಅದೇ ಗನ್, ಅದೇ ಕೈ ಇದ್ದರೂ ಒಣಗಿದ ಪದರ ತೆಳ್ಳಗಾಗುತ್ತದೆ. ಹೊಸ ಲೇಪನದ ಒಣ ದಪ್ಪ ಅಳೆದಿದ್ದೀರಾ? ಪತ್ರದಲ್ಲಿ ಇಲ್ಲ. ಹಳೆಯದಕ್ಕಿಂತ ಕಡಿಮೆ ಇರುತ್ತದೆ ಅನ್ನುವುದು ನನ್ನ ಊಹೆ. ಹಾಗಿದ್ದರೆ 300 ಗಂಟೆ 120ಕ್ಕೆ ಇಳಿದದ್ದರಲ್ಲಿ ಒಂದು ಪಾಲು ಬರೀ ದಪ್ಪದ ವ್ಯತ್ಯಾಸ. ಪದರದೊಳಗೆ ಸಿಕ್ಕಿಕೊಂಡ ಥಿನ್ನರ್ ನಿಧಾನವಾಗಿ ಹೊರಬರುವಾಗ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಗಂಟುಗಳ ನಡುಭಾಗಕ್ಕೆ ರೆಸಿನ್ ಇಳಿದೇ ಇರುವುದಿಲ್ಲ, ಅಲ್ಲಿರುವುದು ಗಾಳಿ. ನೀರಿಗೆ ಅದು ದಾರಿ, ಬಗ್ಗಿಸಿದಾಗ ಬಿರುಕು ಶುರುವಾಗುವ ಜಾಗವೂ ಅದೇ.

ಎಷ್ಟೋ ಜನ ಮರೆಯುವ ಇನ್ನೊಂದು ಸಂಗತಿ ಇದೆ. ಎಪಾಕ್ಸಿಯ ಹಾರ್ಡ್‌ನರ್ ಸಾಮಾನ್ಯವಾಗಿ ಅಮೈನ್. ಸಿಲಿಕಾದ ಮೇಲ್ಮೈ ಅಮೈನನ್ನು ಎಳೆದು ಹಿಡಿದುಕೊಳ್ಳುತ್ತದೆ. ನೀವು ತೂಗಿ ಹಾಕಿದ ಪ್ರಮಾಣ ಸರಿಯಿದ್ದರೂ ಅದರಲ್ಲೊಂದು ಪಾಲು ಕಣದ ಸುತ್ತ ಸಿಕ್ಕಿಕೊಂಡು ಉಳಿದ ಕಡೆ ಕೊರತೆ ಬೀಳುತ್ತದೆ. ಎರಡೂವರೆ ಎಕರೆ ಮೇಲ್ಮೈ ಇರುವಾಗ ಇದು ಸಣ್ಣ ವಿಷಯ ಅಲ್ಲ. ಮುಂದೆ ಪಾಲಿಯುರಿಥೇನ್‌ಗೆ ಈ ಪುಡಿ ಹಾಕುವ ಯೋಚನೆ ಬಂದರೆ ಇನ್ನೂ ಹುಷಾರಾಗಿರಿ. ಪುಡಿ ಗಾಳಿಯಿಂದ ಹೀರಿಕೊಂಡ ತೇವ, ಅದರ ಹಾರ್ಡ್‌ನರ್ ಆದ ಐಸೋಸಯನೇಟ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಎಬ್ಬಿಸುತ್ತದೆ.

ಮಬ್ಬಿನ ಕಾರಣ ಸರಳ. ನಾವು ಕಾಣುವ ಬೆಳಕಿನ ತರಂಗದ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಕಣ ಅದಕ್ಕಿಂತ ತುಂಬಾ ಚಿಕ್ಕದಿದ್ದರೆ ಬೆಳಕು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಷ್ಟೇ ತೂಕದ ಸಿಲಿಕಾ 20 ನ್ಯಾನೋಮೀಟರ್ ಬದಲು 100 ನ್ಯಾನೋಮೀಟರ್ ಉಂಡೆಗಳಾಗಿದ್ದರೆ ಬೆಳಕಿನ ಚದುರುವಿಕೆ ಸುಮಾರು 125 ಪಟ್ಟು ಏರುತ್ತದೆ. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, ಸಿಲಿಕಾದ್ದು 1.46, ಎಪಾಕ್ಸಿಯದು 1.55ರ ಆಸುಪಾಸು. ಇವೆರಡು ಹತ್ತಿರ ಇರುವುದರಿಂದ ನಿಮ್ಮ ಲೇಪನ ಬರೀ ಮಬ್ಬಿಗೆ ನಿಂತಿದೆ. ಟೈಟಾನಿಯಂ ಡೈಆಕ್ಸೈಡ್ ಹೀಗೆ ಗಂಟಾಗಿದ್ದರೆ ಹಾಲಿನ ಬಣ್ಣ ಬಂದಿರುತ್ತಿತ್ತು.

ಈಗ ಶೇ. 10ರ ಸಲಹೆಗೆ ಬರೋಣ. ಕಣಗಳು ಒಂಟೊಂಟಿಯಾಗಿ ಬಿಡಿಸಿಕೊಂಡಿದ್ದರೆ, 20 ನ್ಯಾನೋಮೀಟರ್‌ನ ಗೋಲಿಗಳು ಗಾತ್ರದ ಲೆಕ್ಕದಲ್ಲಿ ಬರೀ ಶೇ. 1 ಇದ್ದಾಗಲೇ ಎರಡರ ನಡುವಿನ ಅಂತರ ಸುಮಾರು 60 ನ್ಯಾನೋಮೀಟರ್. ಶೇ. 5ಕ್ಕೆ ಏರಿಸಿದರೆ 27ರ ಹತ್ತಿರ. ರೆಸಿನ್‌ನ ಯಾವ ಮೂಲೆಯೂ ಕಣದಿಂದ ದೂರ ಇಲ್ಲ. ನ್ಯಾನೋ ಫಿಲ್ಲರ್‌ನ ಗುಟ್ಟು ಇಷ್ಟೇ. ಗಂಟಾದ ಪುಡಿ ಶೇ. 10 ಹಾಕಿದರೆ ಗಂಟು ಎರಡರಷ್ಟು ಆಗುತ್ತದೆ, ಅಂತರ ಮಾತ್ರ ಮೈಕ್ರಾನ್ ಲೆಕ್ಕದಲ್ಲೇ ಉಳಿಯುತ್ತದೆ. ಆದರೆ ಸರಿಯಾಗಿ ಬಿಡಿಸಿ, ಮೇಲ್ಮೈಗೆ ಉಪಚಾರ ಕೊಟ್ಟ ಗೋಲಿ ಸಿಲಿಕಾವನ್ನು ಶೇ. 20ರವರೆಗೂ ಹಾಕಿ ಒಳ್ಳೆಯ ಎಪಾಕ್ಸಿ ಮಾಡುವವರಿದ್ದಾರೆ. ಹಾಗಾಗಿ ಯಾವ ಸಿಲಿಕಾ ಅಂತ ಕೇಳದೆ ಎಷ್ಟು ಶೇಕಡಾ ಅಂತ ಹೇಳುವವರ ಮಾತು ನಂಬಬೇಡಿ.

ಇದು ಪ್ರಚಾರವಾ ಅಂತ ಕೇಳಿದ್ದೀರಿ. ಟೈರ್‌ಗೆ ಹಾಕುವ ಕಾರ್ಬನ್ ಬ್ಲ್ಯಾಕ್ ಕೂಡ ನ್ಯಾನೋ ಗಾತ್ರದ ಕಣಗಳಿಂದಲೇ ಆದದ್ದು. ಆ ಪದ ಚಾಲ್ತಿಗೆ ಬರುವ ಎಷ್ಟೋ ಮೊದಲೇ ಅದು ರಸ್ತೆಯಲ್ಲಿ ಓಡುತ್ತಿತ್ತು. 1980ರ ದಶಕದಲ್ಲಿ ಟೊಯೋಟಾದ ಸಂಶೋಧಕರು ನೈಲಾನ್‌ಗೆ ಜೇಡಿಮಣ್ಣಿನ ತೆಳು ಹಾಳೆಗಳನ್ನು ಸೇರಿಸಿ, ಕೆಲವೇ ಶೇಕಡಾದಲ್ಲಿ ಅದರ ಬಿಗಿತನ ಮತ್ತು ಬಿಸಿ ತಾಳುವ ಶಕ್ತಿಯನ್ನು ಬಹಳ ಏರಿಸಿದರು. ಅವರು ಪುಡಿಯನ್ನು ಸುಮ್ನೆ ಕಲಕಲಿಲ್ಲ. ಹಾಳೆಗಳ ನಡುವೆ ನೈಲಾನ್‌ನ ಕಚ್ಚಾವಸ್ತುವನ್ನು ನುಗ್ಗಿಸಿ, ಅಲ್ಲೇ ನೈಲಾನ್ ಬೆಳೆಯುವಂತೆ ಮಾಡಿದರು. ಹಾಳೆಗಳು ತಾವಾಗಿ ಬೇರೆಯಾದವು.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ತೋರಿಸುವುದು ಎಪಾಕ್ಸಿ ರೆಸಿನ್‌ನೊಳಗೇ ಬಿಡಿಸಿಟ್ಟ ಕೊಲಾಯ್ಡಲ್ ಸಿಲಿಕಾ. ಇದು ಬೆಂಕಿಯಲ್ಲಿ ಹುಟ್ಟಿದ್ದಲ್ಲ, ದ್ರವದಲ್ಲೇ ಬೆಳೆಸಿದ್ದು. ಕಣಗಳು ದುಂಡಗೆ, ಒಂಟೊಂಟಿಯಾಗಿ ಇರುತ್ತವೆ. ಒಮ್ಮೆಯೂ ಪುಡಿಯಾಗಿ ಒಣಗಿರುವುದಿಲ್ಲ, ಹಾಗಾಗಿ ಗಂಟಾಗುವ ಅವಕಾಶವೇ ಸಿಕ್ಕಿರುವುದಿಲ್ಲ. ಶೇ. 40ರಷ್ಟು ಸಿಲಿಕಾ ಇದ್ದರೂ ಸುರಿಯಲು ಬರುತ್ತದೆ. ನಿಮ್ಮ ರೆಸಿನ್ ಜೊತೆ ಬೆರೆಸಿ ಬೇಕಾದ ಮಟ್ಟಕ್ಕೆ ಇಳಿಸಿಕೊಳ್ಳಬಹುದು, ಡ್ರಿಲ್‌ನ ಕಡ್ಡಿಯೇ ಸಾಕು. ಎಡವುವುದು ಹಾರ್ಡ್‌ನರ್ ಲೆಕ್ಕದಲ್ಲಿ. ಎಷ್ಟು ಗ್ರಾಂ ರೆಸಿನ್‌ನಲ್ಲಿ ಹಾರ್ಡ್‌ನರ್ ಜೊತೆ ಸೇರುವ ಎಪಾಕ್ಸಿ ಗುಂಪುಗಳು ಒಂದು ಮೋಲ್ ಇವೆ ಅನ್ನುವುದೇ ಎಪಾಕ್ಸಿ ತುಲ್ಯ ತೂಕ. ಮಾಮೂಲಿ ದ್ರವ ಎಪಾಕ್ಸಿಯದು 190ರ ಸುತ್ತಮುತ್ತ. ಶೇ. 40 ಸಿಲಿಕಾ ತುಂಬಿದ ರೆಸಿನ್‌ನದು 300 ಅಥವಾ ಅದಕ್ಕೂ ಸ್ವಲ್ಪ ಮೇಲೆ, ಯಾಕೆಂದರೆ ಆ ತೂಕದಲ್ಲಿ ಸಿಲಿಕಾದ್ದೂ ಸೇರಿದೆ. ಹಳೆಯ ಅಳತೆಯಲ್ಲೇ ಹಾರ್ಡ್‌ನರ್ ಹಾಕಿದರೆ ಅಮೈನ್ ಹೆಚ್ಚಾಗಿ, ಲೇಪನ ಮೆತ್ತಗೆ ಅಂಟಂಟಾಗಿ, ನೀರಿಗೆ ಸೋಲುತ್ತದೆ. ಆಮೇಲೆ ಬೈಗುಳ ತಿನ್ನುವುದು ನ್ಯಾನೋ.

ಪುಡಿಯಿಂದಲೇ ಮಾಡುತ್ತೇನೆ ಅಂದರೆ ಮಣಿಗಳ ನಡುವೆ ಅರೆಯುವ ಬೀಡ್ ಮಿಲ್ ಬೇಕು, ಅದರಲ್ಲೂ 0.1ರಿಂದ 0.3 ಮಿಲಿಮೀಟರ್‌ನ ಸಣ್ಣ ಮಣಿಗಳದ್ದು. ಜೊತೆಗೆ ಕಣದ ಮೇಲ್ಮೈಗೆ ಸಿಲೇನ್ ಕಟ್ಟಬೇಕು. ಸಿಲೇನ್‌ನ ಒಂದು ತುದಿ ಸಿಲಿಕಾವನ್ನು ಹಿಡಿಯುತ್ತದೆ, ಇನ್ನೊಂದು ತುದಿ ರೆಸಿನ್ ಜೊತೆ ಬೆಸೆಯುತ್ತದೆ. ಎಪಾಕ್ಸಿಗಾದರೆ ಗ್ಲೈಸಿಡಾಕ್ಸಿ ಸಿಲೇನ್, ಯುವಿ ಬೆಳಕಿನಲ್ಲಿ ಗಟ್ಟಿಯಾಗುವ ಅಕ್ರಿಲಿಕ್‌ಗಾದರೆ ಮೆಥಾಕ್ರಿಲಾಕ್ಸಿ. ಆದರೆ ಲೆಕ್ಕ ನೋಡಿ. ನಿಮ್ಮ ಪುಡಿಯ 100 ಗ್ರಾಂಗೆ ಒಂದು ಪೂರ್ತಿ ಪದರ ಹೊದಿಸಬೇಕಾದರೆ ಹತ್ತಿರ ಹತ್ತಿರ 60 ಗ್ರಾಂ ಸಿಲೇನ್ ಬೇಕು. ಮೂಗಿಗಿಂತ ಮೂಗುತಿ ಭಾರ! ವಾಸ್ತವದಲ್ಲಿ ಕಡಿಮೆಯಲ್ಲೇ ಮುಗಿಸುತ್ತಾರೆ, ಆದರೂ ಹೆಚ್ಚಾದ ಸಿಲೇನ್ ಪದರದೊಳಗೆ ಅಲೆಯುತ್ತಾ ಅದನ್ನೇ ಮೆತ್ತಗೆ ಮಾಡುತ್ತದೆ. ಸಣ್ಣ ಘಟಕಕ್ಕೆ ಇದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಅನ್ನುವುದು ನನ್ನ ಅಭಿಪ್ರಾಯ. ಶಬ್ದದ ಅಲೆಯಿಂದ ಗಂಟು ಒಡೆಯುವ ಸೋನಿಕೇಟರ್ ಪ್ರಯೋಗಾಲಯದ ಬೀಕರ್‌ಗೆ ಒಳ್ಳೆಯದು, ಬಕೆಟ್‌ಗೆ ಅಲ್ಲ. ಬೀಕರ್‌ನಲ್ಲೂ ರೆಸಿನ್ ಬಹಳ ಬಿಸಿಯಾಗುತ್ತದೆ. ನಾನು ಹೊಸದರಲ್ಲಿ, ಸಮಯ ಉಳಿಸಲು ಹೋಗಿ, ಹಾರ್ಡ್‌ನರ್ ಹಾಕಿದ ಮೇಲೆ ಸೋನಿಕೇಟ್ ಮಾಡಿದ್ದೆ. ಕೆಲವೇ ನಿಮಿಷದಲ್ಲಿ ಬೀಕರ್‌ನಿಂದ ಹೊಗೆ ಎದ್ದಿತು. ಲೋಹದ ಕಡ್ಡಿ ಎಪಾಕ್ಸಿಯ ಗಟ್ಟಿಯೊಳಗೆ ನಿಂತೇಬಿಟ್ಟಿತ್ತು. ಅದನ್ನು ಕೆತ್ತಿ ತೆಗೆಯಲು ಎರಡು ದಿನ ಹಿಡಿಯಿತು.

ಮೂರನೆಯ ದಾರಿಯಲ್ಲಿ ನ್ಯಾನೋ ಬೇಕಾಗಿಯೇ ಇಲ್ಲ. ನಿಮ್ಮ ಮೂಲ ದೂರು ಗೀರಿನದು ತಾನೇ? ಎಪಾಕ್ಸಿಯನ್ನು ಕೆಳಗಿಟ್ಟು, ಮೇಲೆ ತೆಳುವಾಗಿ ಅಲಿಫ್ಯಾಟಿಕ್ ಪಾಲಿಯುರಿಥೇನ್ ಕ್ಲಿಯರ್ ಕೋಟ್ ಕೊಟ್ಟರೆ ಎಷ್ಟೋ ಗ್ರಾಹಕರಿಗೆ ಅಷ್ಟೇ ಸಾಕಾಗುತ್ತದೆ. ಒಂದು ಹಂತದ ಕೆಲಸ ಜಾಸ್ತಿ, ಎರಡು ಪದರಗಳ ನಡುವೆ ಅಂಟು ಸರಿ ಬರಬೇಕು. ಆದರೆ ಬಿಸಿಲಿನ ಪ್ರಶ್ನೆಗೂ ಅದೇ ಉತ್ತರ. ಮಾಮೂಲಿ ಬಿಸ್‌ಫಿನಾಲ್ ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುವುದು ಅದರ ಹುಟ್ಟುಗುಣ.

ಅದನ್ನು ತಡೆಯಲು ನ್ಯಾನೋ ಟೈಟಾನಿಯಂ ಡೈಆಕ್ಸೈಡ್ ಹಾಕಿ ಅನ್ನುವುದು ಬೇಲಿಯೇ ಎದ್ದು ಹೊಲ ಮೇಯುವ ಕಥೆ. ಅದು ಯುವಿ ಹೀರುತ್ತದೆ, ನಿಜ. ಹೀರಿದ ಶಕ್ತಿಯನ್ನು ಏನು ಮಾಡುತ್ತದೆ ಅನ್ನುವುದು ಮುಖ್ಯ. 1972ರಲ್ಲಿ ಫುಜಿಶಿಮಾ ಮತ್ತು ಹೊಂಡಾ, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ಒಡೆಯುತ್ತದೆ ಎಂದು ತೋರಿಸಿದರು. ಅದೇ ಗುಣ ಲೇಪನದೊಳಗೆ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಅವು ಸುತ್ತಲಿನ ರೆಸಿನ್ ಅನ್ನೇ ಕತ್ತರಿಸುತ್ತವೆ. ಅನಟೇಸ್ ಎಂಬ ಸ್ಫಟಿಕ ರೂಪದ್ದು ಇದರಲ್ಲಿ ಎತ್ತಿದ ಕೈ. ಬಿಸಿಲಿಗೆ ಇಟ್ಟ ಅಂಥದ್ದೊಂದು ಫಲಕ ನನಗೆ ಇನ್ನೂ ನೆನಪಿದೆ. ದೂರದಿಂದ ಚೆನ್ನಾಗೇ ಕಾಣುತ್ತಿತ್ತು. ಬೆರಳಿಂದ ಒರೆಸಿದೆ, ಬೆರಳ ತುದಿ ಸೀಮೆಸುಣ್ಣ ಹಿಡಿದ ಹಾಗೆ ಬೆಳ್ಳಗಾಯಿತು. ಪೇಂಟ್‌ಗೆ ಹಾಕುವ ಬಿಳಿ ಟೈಟಾನಿಯಂ ಡೈಆಕ್ಸೈಡ್ ಬೇರೆ. ಅದು ಇನ್ನೂರು, ಮುನ್ನೂರು ನ್ಯಾನೋಮೀಟರ್‌ನ ರೂಟೈಲ್ ಎಂಬ ಇನ್ನೊಂದು ಸ್ಫಟಿಕ ರೂಪ. ಅದಕ್ಕೆ ಅಲ್ಯುಮಿನಾ ಅಥವಾ ಸಿಲಿಕಾದ ಕವಚ ಹಾಕಿ ಈ ಚಟವನ್ನು ಅಡಗಿಸಿರುತ್ತಾರೆ. ಪಾರದರ್ಶಕ ಲೇಪನಕ್ಕೆ ಯುವಿ ತಡೆ ಬೇಕೆಂದರೆ ಕವಚ ಇರುವ ದರ್ಜೆಯನ್ನೇ ಕೇಳಿ ತೆಗೆದುಕೊಳ್ಳಿ.

ಗ್ರಾಫೀನ್ ವಿಷಯದಲ್ಲಿ ಅರ್ಧ ಸತ್ಯ ಇದೆ. ಇಂಗಾಲದ ಈ ಅತಿ ತೆಳು ಹಾಳೆಗಳು ನೀರು, ಆಮ್ಲಜನಕಕ್ಕೆ ಸುತ್ತುದಾರಿ ಹಿಡಿಸುತ್ತವೆ. 1967ರ ನೀಲ್ಸನ್ ಸೂತ್ರದ ಪ್ರಕಾರ, ದಪ್ಪಕ್ಕಿಂತ ನೂರು ಪಟ್ಟು ಅಗಲದ ಹಾಳೆಗಳು ಗಾತ್ರದಲ್ಲಿ ಶೇ. 2 ಇದ್ದು, ಎಲ್ಲವೂ ಮಟ್ಟಸವಾಗಿ ಮಲಗಿದ್ದರೆ, ಒಳಗೆ ನುಸುಳುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಲೇಪನದ ದಪ್ಪ ಎರಡರಷ್ಟು ಮಾಡಿದರೂ ಅಷ್ಟೇ ಲಾಭ, ನೆನಪಿರಲಿ. ಗ್ರಾಫೀನ್‌ನ ಅಪಾಯ ಗೀರು ಬಿದ್ದಾಗ ಗೊತ್ತಾಗುತ್ತದೆ. ಅದು ವಿದ್ಯುತ್ ಹರಿಸುತ್ತದೆ, ಕಬ್ಬಿಣಕ್ಕೆ ಕ್ಯಾಥೋಡ್ ಆಗುತ್ತದೆ, ಅಂದರೆ ತಾನು ಉಳಿದು ಕಬ್ಬಿಣವನ್ನು ಕರಗಿಸುತ್ತದೆ. ಹಾಳೆಗಳು ಒಂದಕ್ಕೊಂದು ತಾಗಿ ಲೋಹವನ್ನೂ ಮುಟ್ಟಿದರೆ, ಗೀರಿನ ಜಾಗದಲ್ಲಿ ಉಕ್ಕು ಮಾಮೂಲಿಗಿಂತ ಬೇಗ ತಿನ್ನಿಸಿಕೊಳ್ಳುತ್ತದೆ. ಮೇಲಾಗಿ ನಿಮಗೆ ಬೇಕಿರುವುದು ಪಾರದರ್ಶಕ ಲೇಪನ, ಗ್ರಾಫೀನ್ ಕಪ್ಪು ತರುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಕೊಲಾಯ್ಡಲ್ ದಾರಿ ಹಿಡಿದರೆ ಪರೀಕ್ಷೆ ಹೀಗೆ ಮಾಡಿ. ಒಣ ಲೇಪನದ ಲೆಕ್ಕದಲ್ಲಿ ಸಿಲಿಕಾ ಶೇ. 0, 3, 6, 10 ಇರುವ ನಾಲ್ಕು ಮಿಶ್ರಣ ಮಾಡಿ. ಶೇ. 0 ಬಿಡಲೇಬಾರದು, ಅದಿಲ್ಲದೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ. ನಾಲ್ಕಕ್ಕೂ ಒಣ ದಪ್ಪ ಒಂದೇ ಇರಲಿ, ಪ್ರತಿ ಫಲಕದಲ್ಲೂ ಐದಾರು ಕಡೆ ಅಳೆಯಿರಿ. ಹೆಗ್‌ಮನ್ ಗೇಜ್ ಇದ್ದರೆ ಎಳೆದು ನೋಡಿ, ಆದರೆ ಅದು ಮೈಕ್ರಾನ್ ಗಾತ್ರದ ಗಂಟು ಹಿಡಿಯುವ ಸಾಧನ. ಅದರಲ್ಲಿ ಪಾಸಾದರೆ ನ್ಯಾನೋ ಆಯಿತು ಅಂತೇನಿಲ್ಲ. ಗಾಜಿನ ಮೇಲೆ ಒಂದು ಪದರ ಎಳೆದು, ಒಣಗಿದ ಮೇಲೆ ಕಪ್ಪು ಕಾಗದದ ಮೇಲಿಟ್ಟು ಓರೆಯಾಗಿ ಟಾರ್ಚ್ ಬಿಡಿ. ಗೇಜ್‌ಗೆ ಕಾಣದ ಮಬ್ಬು ಕಣ್ಣಿಗೆ ಕಾಣುತ್ತದೆ. ಗೀರಿಗೆ, ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳಿಂದ ಗೀರಿ ನೋಡುವ ಪರೀಕ್ಷೆ ಶುರುವಿಗೆ ಸಾಕು, ಉಜ್ಜುವಿಕೆಗೆ ಚಕ್ರದಿಂದ ಸವೆಸುವ ಟೇಬರ್ ಯಂತ್ರ ಸಿಕ್ಕರೆ ಒಳ್ಳೆಯದು. ಬಗ್ಗಿಸಿ ನೋಡುವುದನ್ನು ಮರೆಯಬೇಡಿ, ಗಡಸುತನ ಏರಿದಾಗ ಬಾಗುವ ಗುಣ ಕೈ ಕೊಡುವುದು ಮಾಮೂಲು. ಉಪ್ಪು ನೀರಿನ ಪರೀಕ್ಷೆಗೆ ಗೀರಿದ ಫಲಕ, ಗೀರದ ಫಲಕ ಎರಡನ್ನೂ ಇಡಿ. ಹಳೆಯ ಲೇಪನದ 300 ಗಂಟೆಯನ್ನು ಹಳೆಯ ದಾಖಲೆಯಿಂದ ತೆಗೆಯದೆ, ಅದೇ ಪೆಟ್ಟಿಗೆಯಲ್ಲಿ ಅದೇ ದಿನ ಇಟ್ಟು ನೋಡಿ.

ಆರೋಗ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಬ್ಬಿ ತೆರೆದಾಗ ಹೊಗೆಯ ಥರ ಎದ್ದು ನಿಲ್ಲುವ ಪುಡಿ ಅದು. ಸಿಲಿಕಾ ಅಂದ ತಕ್ಷಣ ಕಲ್ಲು ಒಡೆಯುವವರ ಸಿಲಿಕೋಸಿಸ್ ನೆನಪಾಗುತ್ತದೆ. ಅದು ಸ್ಫಟಿಕ ರೂಪದ ಸಿಲಿಕಾದಿಂದ ಬರುವ ಕಾಯಿಲೆ. ಫ್ಯೂಮ್ಡ್ ಸಿಲಿಕಾ ಸ್ಫಟಿಕವಲ್ಲ, ಅಷ್ಟು ಅಪಾಯಕಾರಿಯೂ ಅಲ್ಲ. ಹಾಗಂತ ಉಸಿರಿಗೆ ಎಳೆದುಕೊಳ್ಳಬಾರದು. ಕಣ ಸಣ್ಣದಾದಷ್ಟೂ ಮಿತಿ ಬಿಗಿಯಾಗುತ್ತದೆ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 2011ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಮಾಮೂಲಿ ಟೈಟಾನಿಯಂ ಡೈಆಕ್ಸೈಡ್‌ಗೆ ಘನ ಮೀಟರ್‌ಗೆ 2.4 ಮಿಲಿಗ್ರಾಂ ಮಿತಿ ಹೇಳಿದರೆ, ಅತಿ ಸಣ್ಣ ಕಣದ್ದಕ್ಕೆ 0.3 ಎಂದಿತು. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು, ಕಣ ಸೋಸುವ ರೆಸ್ಪಿರೇಟರ್ ಹಾಕಿ. ಚೆಲ್ಲಿದ ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಟ್ಟಿಯಾದ ಲೇಪನವನ್ನು ಉಜ್ಜುವಾಗಲೂ ಇದೇ ಎಚ್ಚರ ಇರಲಿ. ರೆಸಿನ್‌ನಲ್ಲೇ ಬಿಡಿಸಿ ಬಂದ ಕೊಲಾಯ್ಡಲ್ ಸಿಲಿಕಾವನ್ನು ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ. ಪುಡಿಯನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಉಳಿದ ಫ್ಯೂಮ್ಡ್ ಸಿಲಿಕಾವನ್ನು ಎಸೆಯಬೇಡಿ. ಡಬ್ಬಿಯನ್ನು ತೇವ ಹೋಗದ ಹಾಗೆ ಬಿಗಿಯಾಗಿ ಮುಚ್ಚಿಡಿ. ನೆಟ್ಟಗೆ ನಿಂತ ಭಾಗಗಳಿಗೆ ಬ್ರಷ್‌ನಿಂದ ದಪ್ಪಗೆ ಎಪಾಕ್ಸಿ ಬಳಿಯುವ ಕೆಲಸ ಬಂದಾಗ ಶೇ. 1ರಿಂದ 2 ಹಾಕಿ ನೋಡಿ. ಕೆಳಗೆ ಸುರಿಯದೆ ನಿಲ್ಲುತ್ತದೆ.